ಎಲ್ಲಾ ತೂಗಿದವ

ವಾಡಿ ಜಂಕ್ಷನ್ನಿನ ಮಾಲು ಷೆಡ್ಡಿನೊಳಗ
ತೂಕದ ಕೆಲಸ ಅವಂದು, ಮಸ್ತಾನಪ್ಪಂದು.
ನಿಜಾಮನ ರೈಲು, ನಿಜಾಮನ ಗಡಿಯಾರ,
ಉರ್ದು ರಸೀದಿ, ಕನ್ನಡ ಹಾಡು:
ಮುಂದಿನ ಮಗ್ಗಲಕ ತೊಗರಿ ಎಷ್ಟು ಮಣ,
ಹಿಂದಿನ ಮಗ್ಗಲಕ ಆಕಿ ನಕ್ಕದ್ದೆಷ್ಟು ಸೇರು.
ಬಾಬುಗೋಳು ಬೈದರಂತ.
ಬೈದದ್ದನ್ನೂ ಎರಡನೇ ನುಡಿಯೊಳಗ ಕೂಡಿಸಿಬಿಟ್ಟ.

ಹೀಂಗಂತ ಹೇಳ್ತಿದ್ಲು ನಮ್ಮಜ್ಜಿ ಮಲಕವ್ವ.
ಆಕಿ ಅವನ್ನ ಕಂಡಾಕಿ ಅಲ್ಲ;
ಅಜ್ಜನ ಚಹಾದಂಗಡಿ ಹಿಂದ, ಗ್ವಾಡಿಗಿ ಕಿವಿ ಕೊಟ್ಟು,
ಫೋನೋ ತಿರುಗಿಧಂಗ ಬೀಸೋಕಲ್ಲು ತಿರುವಿದಾಕಿ.

ನಂಗ ಅಂವ ಯಾಕ ಸೇರತಾನಂದ್ರ,
ಚಂದ್ರ ಅನ್ನಂಗಿಲ್ಲ, ತಾವರಿ ಅನ್ನಂಗಿಲ್ಲ.
ಆಕಿ ಬರ್ತಾಳಂದ್ರ ಬರೋಬ್ಬರಿ ಯಾವ ಗಾಡಿಗಿ,
ಎಷ್ಟು ತಾಸು ತಡಾ,
ಸೆರಗಿನ ಯಾವ ಚುಂಗಿಗಿ ಇಂಜಿನ್ನಿನ ಮಸಿ.
ಮೂರು ನಿಮಿಷದ ಪ್ಲೇಟಿನಾಗ
ಇಡೀ ಪ್ಲಾಟ್‌ಫಾರ್ಮು ಎದ್ದು ಕೂಡ್ತದ.
ಆ ಕಾಲದ ಹಾಡೆಲ್ಲ ಜರತಾರಿ ಉಟ್ಕೊಂಡು ಬಂದ್ರ
ಇವಂದು ಹೆಗಲಿಗಿ ಗೋಣಿ ಹಾಕ್ಕೊಂಡು ಬಂತು.
ಪ್ರಾಸಕ್ಕಂತ ಒಂದು ಕಾಳೂ ಹೆಚ್ಚಿಗಿ ಹಾಕಿಲ್ಲ.
(ಒಂದೆರಡು ಕಡಿ ಹಾಕ್ಯಾನ. ಇರ್ಲಿ,
ತಕ್ಕಡಿನೂ ಒಮ್ಮೊಮ್ಮೆ ತೂಗಾಡತದ.)

"ತೂಗಿ ನೋಡೊ ಮಾಸ್ತರ ಮನಸಿನ ಮೂಟಿ,
ಸೇರಿಗೆ ಸಿಗದಿದು, ಮಣಕ ನಿಲುಕದಿದು."

ಹಾಡ್ದಾಕಿ ಚಿಂಚೋಳಿ ರತನಬಾಯಿ.
ಮೂಗಿನ ದನಿ. ಮೂಗುತಿ ಅಲುಗಿದ್ದೂ ಕೇಳ್ತದ
ಅಂತಿದ್ಲು ಅಜ್ಜಿ.

ಕಡೀ ನುಡಿಗಿ ಬಿರುಕು.
ಸೂಜಿ ಅಲ್ಲಿಗಿ ಬಂದು ಟಕ್ ಅಂತ ಜಿಗೀತಿತ್ತು:
"ಎಲ್ಲಾ ತೂಗಿದವ ಮರೆತಾನ."
ಅಜ್ಜಿ ಹಂಗೇ ಕಲ್ತಳು. ಓಣಿ ಹಂಗೇ ಕಲೀತು.
ಶಹಾಬಾದಿನ ಫರಸಿ ಹೊರೋ ಹೆಂಗಸರು ಹಂಗೇ ಒಯ್ದರು
ಚಿತ್ತಾಪುರಕ್ಕ, ಸೇಡಮ್ಮಿಗಿ, ಮಗಳ ಕೊಟ್ಟ ಊರೂರಿಗೆ.
ಮಠದ ಅಯ್ಯನೋರು ಅರ್ಥ ಬಿಡಿಸಿದರು:
ಎಲ್ಲಾ ತೂಗಿದವ ಅಂದ್ರ ಮ್ಯಾಲಿನವ,
ಮರೆತಾನ ಅಂದ್ರ ನಮ್ಮನ್ನ.
ಕೇಳಿ ಅತ್ತವರದಾರ. ಸತ್ತ ಮನಿಯೊಳಗ ಹಾಡಿದವರದಾರ.
ನಾನೂ ಹಾಡೀನಿ,
ಅವ್ವನ ತಲಿ ತೊಡಿಮ್ಯಾಲ ಇಟ್ಕೊಂಡು.

ಹೋದ ಶ್ರಾವಣ, ಕಲಬುರಗಿ ದರ್ಗಾ ರಸ್ತೆಯಾಗ
ರೇಡಿಯೋ ರಿಪೇರಿ ಮುನೀರೊದ್ದೀನ್ ಚಾಚಾ
ಪೇಪರಿನಾಗ ಸುತ್ತಿದ್ದ ಪ್ಲೇಟೊಂದು ಬಿಚ್ಚಿದ್ರು.
ಬಿರುಕಿಲ್ಲ. ಒರಸಿ, ಊದಿ, ಇಟ್ಟರು.
ಬಂದ್ಲು ರತನಬಾಯಿ, ಅದೇ ಮೂಗು, ಅದೇ ಮೂಗುತಿ.
ಕಡೀ ನುಡಿಗಿ ನಾ ರೂಢಿಯಂಗ ಜಿಗದೆ.
ಆಕಿ ಜಿಗೀಲಿಲ್ಲ:

"ಎಲ್ಲಾ ತೂಗಿದವ, ವಾಡಿಯ ಮಸ್ತಾನ,
ತನ್ನ ತೂಕವ ಮರೆತಾನ."

ಇಷ್ಟೇ. ದೇವರಲ್ಲ.
ಬಡಕಲ ಹಮಾಲ ಒಬ್ಬ
ಮೂಟಿಗಿ ಚೀಟಿ ಅಂಟಿಸಿಧಂಗ
ಹಾಡಿಗಿ ಹೆಸರು ಅಂಟಿಸಿ ಕಳಿಸಿದ್ದ.
ಮೂಟಿ ಮುಟ್ಟಿತ್ತು. ಚೀಟಿ ಹಾರಿತ್ತು.
ನಾ ನಕ್ಕೆ. ಯಾಕಂತ ತಿಳೀದೆ ಚಾಚಾನೂ ನಕ್ಕರು.
ಅವ್ವ ನೆನಪಾಗಿ ನಗು ಅರ್ಧಕ್ಕ ನಿಂತಿತು.

ಮರುದಿನ ರೊಟ್ಟಿ ಕೇಂದ್ರದಾಗ ಹೆಸರು ಸೇರಿಸಿ ಹಾಡಿದೆ.
ಹದಿನಾಕು ಕೈ ಬಡೀತಿದ್ವು. ತಾಳ ತಪ್ಪಿತು.
ಜಗದೇವಿ ಅಂದ್ಲು:
"ಯಾರವ್ವ ಇಂವ, ನಡಬರಕ ಬಂದು ಕುಂತಾನ?
ಹೊರಗ ಕಳಸು, ಹಂಚು ಕಾದದ."

ಕಳಿಸಿದೆ.
ಖರೇ ಹೇಳ್ತೀನಿ, ಯಾವುದು ಹೆಚ್ಚಿನ ಸಾಲು
ನಂಗ ತಿಳೀವಲ್ದು,
ಅಂವ ಬರದದ್ದೋ, ಬಿರುಕು ಬರದದ್ದೋ.
ಅವನ ಮುಂದಿಟ್ರ ತೂಗಿ ಹೇಳ್ತಿದ್ದ,
ಚಟಾಕು ಹೆಚ್ಚಿಲ್ಲ, ಚಟಾಕು ಕಮ್ಮಿಲ್ಲ.

ಈಗ ಅಲ್ಲಿಗಿ ಬಂದಾಗ ಒಂದು ಬಡಿತ ಬಿಡತೀನಿ.
ಒಂದೇ. ರೊಟ್ಟಿ ತಿರುವಿ ಹಾಕೋವಷ್ಟು ಹೊತ್ತು.
ಜಗದೇವಿ ಕಣ್ಣೆತ್ತಿ ನೋಡ್ತಾಳ: ಸೀದೀತೇನು?
ಇಲ್ಲ, ಅಂತೀನಿ.
ಬಡಿ ನೀ.